ಲವಿನಾದಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ

ಬೆಳಗಿನ ಐದೂವರೆ. ಹಿಮಬೆಟ್ಟಗಳ ನಡುವಿನ ಪುಟ್ಟ ಊರು ವಾಲ್ದೋರ್ನದಲ್ಲಿ ಚರ್ಚಿನ ಗಂಟೆಗಿಂತ ಮೊದಲು ಕೇಳಿಸುವುದು ಇರ್ಮಾ ದಾರಿನ್ ಅವರ ಕೊಡತಿಯ ಸದ್ದು. ಅರವತ್ತೇಳರ ಈಕೆ ಮರದ ಹಲಗೆಯ ಮೇಲೆ ಉಳಿಯಿಂದ ಅಕ್ಷರ ಕೊರೆಯುತ್ತಿದ್ದಾರೆ. ಒಲೆಯ ಮೇಲೆ ಕಾಫಿ ಉಕ್ಕಿದರೂ ಅತ್ತ ಗಮನವಿಲ್ಲ. ಇವತ್ತಿನದು ಹಟದ ಹಲಗೆ.

ಈ ಕಣಿವೆಯ ಪ್ರತಿ ಕೊರಕಲಿಗೂ, ಬಂಡೆಗೂ, ಹುಲ್ಲುಗಾವಲಿಗೂ ಒಂದು ಹೆಸರಿದೆ. ಕಾಲುದಾರಿಗಳಲ್ಲಿ ಆ ಹೆಸರು ಹೇಳುವ ಹಲಗೆಗಳೆಲ್ಲ ಇರ್ಮಾ ಅವರದ್ದೇ. ಮೂವತ್ತೊಂದು ವರ್ಷದಲ್ಲಿ ಇನ್ನೂರ ಹನ್ನೆರಡು. ಕೊರೆದದ್ದನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುವುದೂ ಅವರೇ. ಗಂಡ ಜಿನೊ ಮರ ಕಡಿಯುವಾಗ ಕಾಲು ಮುರಿದುಕೊಂಡ ವರ್ಷ ಅವನ ಉಳಿ ಕೈಗೆತ್ತಿಕೊಂಡವರು ಮತ್ತೆ ಕೆಳಗಿಟ್ಟಿಲ್ಲ. "ನನ್ನ ಉಳಿ ವಾಪಸ್ ಕೊಡೇ ಅಂತ ಇವತ್ತಿಗೂ ಕೇಳ್ತಾನೆ. ಅಕ್ಷರ ನೆಟ್ಟಗೆ ಬರಲಿ, ಕೊಡ್ತೀನಿ ಅಂತೀನಿ" ಎಂದು ಪತ್ರಿಕೆಯಿಂದ ಬಂದಿರುವ ನನಗೆ ಹೇಳುತ್ತಾರೆ.

ಈಗ ಜಗಳವಿರುವುದು ಒಂದೇ ಹೆಸರಿಗೆ. ಊರಿನ ಮೇಲಿನ ಇಳಿಜಾರಿಗೆ ಇಲ್ಲಿಯವರು ಅನ್ನುವುದು ಲವಿನಾ, ಅಂದರೆ ಹಿಮ ಕುಸಿಯುವ ಜಾಗ. ಇರ್ಮಾ ಅವರ ಅಜ್ಜಿಯ ಇಬ್ಬರು ತಂಗಿಯರು ಹಸುಗಳ ಸಮೇತ ಹೂತುಹೋದದ್ದು ಅಲ್ಲೇ. ಆಮೇಲೆ ಬಯಲುಸೀಮೆಯಿಂದ ಬಂದ ಸರ್ವೆಯವನ ಕಿವಿಗೆ ಅದು 'ಲಾ ವಿಞಾ' ಎಂದು ಬಿತ್ತು. ದ್ರಾಕ್ಷಿ ತೋಟ! ನಕ್ಷೆಯಲ್ಲಿ ಹಾಗೇ ಉಳಿಯಿತು. ಹೆಸರು ಚೆಂದವಿದೆಯೆಂದು ಈಗ ಅಲ್ಲಿ ಪ್ರವಾಸಿಗರಿಗೆ ಎಂಟು ಮನೆ ಕಟ್ಟಲು ಹೊರಟಿದ್ದಾರೆ. 'ಲಾ ವಿಞಾ' ಎಂಬ ಹಲಗೆ ಕೆತ್ತಿಕೊಡಲು ಪುರಸಭೆ ಹೇಳಿದ್ದು ಇರ್ಮಾ ಅವರಿಗೇ.

ಎಂಟರ ಹೊತ್ತಿಗೆ ಅವರು ಇಳಿಜಾರಿನ ಕಂಬಕ್ಕೆ ಹಲಗೆ ಹೊಡೆಯುತ್ತಿರುವಾಗ ಮೇಯರ್ ಲುಚಾನೊ ಏದುಸಿರು ಬಿಡುತ್ತ ಬರುತ್ತಾರೆ. ಹಲಗೆಯ ಮೇಲೆ 'ಲವಿನಾ' ಎಂದಿದೆ.

"ಇರ್ಮತ್ತೆ, ನಾವು ಹೇಳಿದ್ದೇನು, ನೀವು ಬರೆದಿರೋದೇನು? ಮ್ಯಾಪ್‌ನಲ್ಲಿ ದ್ರಾಕ್ಷಿ ತೋಟ ಅಂತಿದೆ."

"ಹಿಮಕ್ಕೆ ಮ್ಯಾಪ್ ಓದೋಕೆ ಬರಲ್ಲ ಕಣೋ. ಒಂದು ದ್ರಾಕ್ಷಿ ಬಳ್ಳಿ ತೋರಿಸು, ಈಗಲೇ ಇದನ್ನ ಕಿತ್ತು ಸೌದೆ ಮಾಡ್ತೀನಿ."

"ನೂರು ವರ್ಷದಿಂದ ಏನೂ ಬಿದ್ದಿಲ್ವಲ್ಲ."

"ಬಿದ್ದಿದೆ. ಕೆಳಗೆ ಯಾರೂ ಇರ್ಲಿಲ್ಲ, ಅದಕ್ಕೇ ನಿಂಗೆ ಗೊತ್ತಾಗ್ಲಿಲ್ಲ."

ಮೇಯರ್ ಒಮ್ಮೆ ತಲೆಯೆತ್ತಿ ಶಿಖರದ ಕಡೆ ನೋಡುತ್ತಾರೆ. ಹಲಗೆ ಮುಟ್ಟದೆ ಇಳಿದುಹೋಗುತ್ತಾರೆ. ಮನೆ ಕಟ್ಟುವ ಅರ್ಜಿ ಮಾತ್ರ ಇನ್ನೂ ಅವರ ಮೇಜಿನ ಮೇಲಿದೆ. ನಕ್ಷೆ ತಿದ್ದಿ ಎಂದು ಇರ್ಮಾ ಬರೆದ ಒಂಬತ್ತು ಪತ್ರಗಳಿಗೆ ಉತ್ತರ ಬಂದಿಲ್ಲ. ಹತ್ತನೆಯದು ಜೇಬಿನಲ್ಲಿದೆ.

"ನನ್ನ ಹೆಸರು ನಿಮ್ಮ ಪೇಪರ್‌ನಲ್ಲಿ ತಪ್ಪಾದ್ರೂ ಪರವಾಗಿಲ್ಲ" ಎಂದು ನನಗೆ ಹೇಳುತ್ತ ಅವರು ಕೊನೆಯ ಮೊಳೆ ಹೊಡೆಯುತ್ತಾರೆ. "ಇದನ್ನ ಮಾತ್ರ ಸರಿಯಾಗಿ ಬರೀರಿ. ಲವಿನಾ. ಕೇಳಿಸ್ತಾ? ಎಲ್ಲಿ, ಒಂದ್ಸಲ ಹೇಳಿ ನೋಡೋಣ."