ಹತ್ತು ಪುಟದ ಪೂರ್ಣ ಪಠ್ಯ

ಫೋನಿನಲ್ಲಿ ಆ ಮಾತು ಆಡಿದವನು ನಾನೇ. ಧ್ವನಿ ಮಾತ್ರ ನಮ್ಮ ವಿಭಾಗದ ಸಾಹೇಬರದು. ಎರಡು ಸಾವಿರದ ದಶಕದ ನಡುವೆ, ಪುಣೆಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಪಿಎಚ್.ಡಿ. ಪ್ರಬಂಧಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಕೆಲಸ ನನ್ನದು. ಅದಕ್ಕಿಂತ ಚೆನ್ನಾಗಿ ಬರುತ್ತಿದ್ದ ವಿದ್ಯೆ ಸಾಹೇಬರ ನಕಲು: ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಒಂದು ‘ಆಕ್ಚುಅಲಿ’, ಆಮೇಲೆ ಸುಳ್ಳು.

ಸಾಹೇಬರು ಬಿಜಾಪುರದ ಕಡೆಯವರು, ನಮ್ಮಪ್ಪನ ಹಾಗೆ. ಮೇಲಿನವರ ಮುಂದೆ ಮರಾಠಿ, ನಮ್ಮಂಥವರನ್ನು ಬಯ್ಯಲು ಕನ್ನಡ. ಡಿಜಿಟಲ್ ಭಂಡಾರಕ್ಕೆ ವಾರಕ್ಕೆಷ್ಟು ಪ್ರಬಂಧ ಏರಿತೆಂದು ಗ್ರಂಥಾಲಯ ಸಮಿತಿ ಕೇಳುತ್ತಿತ್ತು. ಎಷ್ಟು ಪುಟವೆಂದು ಯಾವ ಪುಣ್ಯಾತ್ಮನೂ ಕೇಳಲಿಲ್ಲ. ಆದ್ದರಿಂದ ಮುಖಪುಟ, ಮಾರ್ಗದರ್ಶಕರ ಪ್ರಮಾಣಪತ್ರ, ಹೆಂಡತಿಗೆ ಕೃತಜ್ಞತೆ, ಪರಿವಿಡಿ, ಹೀಗೆ ಹತ್ತು ಪುಟವಾದೊಡನೆ ನಿಲ್ಲಿಸುವುದು ನಮ್ಮ ಪದ್ಧತಿ. “ಆಕ್ಚುಅಲಿ, ಓದಾವ್ರು ಯಾರದಾರೋ? ಮುಂದಿಂದು ತಾ,” ಎನ್ನುತ್ತಿದ್ದರು ಸಾಹೇಬರು. ಪಟ್ಟಿಯಲ್ಲಿ ಎದುರಿಗೆ ‘ಪೂರ್ಣ ಪಠ್ಯ ಲಭ್ಯ’ ಎಂದು ಬರೆಯುವ ಕೈ ನನ್ನದು.

ಹಾಳೆಗಳು ಯಂತ್ರದೊಳಗೆ ಸರಿಯಾಗಿ ಹೋಗಬೇಕಾದರೆ ರಟ್ಟಿನ ಬೆನ್ನು ಕತ್ತರಿಸಬೇಕು. ಅದನ್ನು ಮಾತ್ರ ಪೂರ್ತಿಯಾಗಿ ಮಾಡುತ್ತಿದ್ದೆವು. ಬಿಡಿ ಹಾಳೆಗಳನ್ನು ಸುತಳಿಯಿಂದ ಕಟ್ಟಿ ನೆಲಮಾಳಿಗೆಗೆ ತಳ್ಳಿದ ಮೇಲೆ ರಿಜಿಸ್ಟರಿನಲ್ಲಿ ‘ಡಿಜಿಟಲ್ ಆಗಿದೆ’ ಎಂಬ ಮೊಹರು. ಅಲ್ಲಿಗೆ ಆ ಪ್ರಬಂಧ ಓದುಗರಿಗೆ ಕಾಗದದಲ್ಲೂ ಇಲ್ಲ, ಪರದೆಯಲ್ಲೂ ಇಲ್ಲ. ಇದಕ್ಕೆ ಸಂರಕ್ಷಣೆ ಎಂದು ಹೆಸರು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಫೋನ್ ಮಾಡಿದರು. ನಮ್ಮ ಕಡೆಯಿಂದ ಬಂದು ಪುಣೆಯ ಅಂಚಿನ ಭೋಸರಿಯಲ್ಲಿ ನೆಲೆಸಿದ ಕಾರ್ಖಾನೆ ಕಾರ್ಮಿಕರೊಬ್ಬರ ಮಗಳು. ಊರಿನ ಕೊಂಢವಾ ಬಡಾವಣೆಯ ಕಟ್ಟಡ ಕೆಲಸದ ಹೆಂಗಸರ ಬಗ್ಗೆ ಪ್ರಬಂಧ ಬರೆದು ಇಲ್ಲೇ ಪದವಿ ಪಡೆದವರು. ಅವರ ಸ್ವಂತ ಪ್ರತಿ ಮನೆ ಬದಲಿಸುವಾಗ ನೀರಿಗೆ ಬಿದ್ದು ಹಾಳಾಗಿತ್ತು. ಕಾಯಂ ಅಧ್ಯಾಪಕಿ ಹುದ್ದೆಯ ಸಂದರ್ಶನ ಹತ್ತಿರ ಬಂದಿತ್ತು. ಅಲ್ಲಿ ಪ್ರಬಂಧವನ್ನು ಮೇಜಿನ ಮೇಲೆ ಇಡಲೇಬೇಕಿತ್ತು. “ಸೋಲಾಪುರದಾಗ ನಮ್ಮ ಗೈಡ್ ಹತ್ರ ಒಂದು ಪ್ರತಿ ಅದ್ರಿ. ಹೋಗಿ ತರಲೋ, ನಿಮ್ಮಲ್ಲೇ ಪೂರ್ತಿ ಸಿಗತದೋ?”

ಸುತ್ತ ಚಹಾ ಹಿಡಿದು ಸಹೋದ್ಯೋಗಿಗಳು ಕೂತಿದ್ದರು. ಪ್ರೇಕ್ಷಕರಿದ್ದರೆ ನನಗೆ ಬುದ್ಧಿ ಇರುವುದಿಲ್ಲ. ಗಂಟಲು ಸರಿಮಾಡಿಕೊಂಡೆ. “ಆಕ್ಚುಅಲಿ ಮ್ಯಾಡಮ್, ಪೂರ್ತಿ ಅದ. ಸೋಲಾಪುರಕ್ಕ ಯಾಕ ಹೋಗ್ತೀರಿ? ಬಂದು ಪ್ರಿಂಟ್ ತಗೊಂಡು ಹೋಗ್ರಿ.” ಎಲ್ಲರೂ ಕಪ್ಪಿನೊಳಗೇ ನಕ್ಕರು.

ಅವರು ಸಂದರ್ಶನದ ಹಿಂದಿನ ದಿನ ಬಂದರು. ಸಾಹೇಬರು ತಾವೇ ಮೌಸ್ ಹಿಡಿದು ಪ್ರಬಂಧ ತೆರೆದರು. ಹತ್ತು ಪುಟ ಬಂತು, ಹನ್ನೊಂದನೆಯದು ಬರಲಿಲ್ಲ.

“ಆಕ್ಚುಅಲಿ, ಸರ್ವರ್ ಅಪ್‌ಗ್ರೇಡ್ ನಡದದ್ರಿ.” ಸರ್ವರ್ ಅಂದರೆ ನಾವು ಊಟದ ಡಬ್ಬಿ ಬೆಚ್ಚಗಿಡುತ್ತಿದ್ದ ಪೆಟ್ಟಿಗೆ.

“ನೀವೇ ಫೋನಿನ್ಯಾಗ ಪೂರ್ತಿ ಅದ ಅಂದ್ರಿ.”

“ನಾನು ನಿಮ್ಮ ಜೋಡಿ ಮಾತೇ ಆಡಿಲ್ಲ.”

ಆಕೆ ತಮ್ಮ ಕಿವಿಯನ್ನೇ ಅನುಮಾನಿಸುವಂತೆ ನಿಂತುಬಿಟ್ಟರು. ಆಗ ನನ್ನಿಂದ ತಡೆಯಲಾಗಲಿಲ್ಲ. “ಅದು ನಾನ್ರಿ ಮ್ಯಾಡಮ್. ಸರ್ ಧ್ವನಿ ತಗದು ಹೇಳಿದೆ,” ಎಂದೆ. ಸಾಹೇಬರು ನನ್ನತ್ತ ಮನೆಯ ದೇವರ ಮೂರ್ತಿ ಕದ್ದವನನ್ನು ನೋಡುವ ಹಾಗೆ ನೋಡಿದರು. ನಾನು ನೆಲಮಾಳಿಗೆಗೆ ಓಡಿ, ಅವರ ಕಟ್ಟನ್ನು ಹುಡುಕಿ ತಂದು ಮೇಜಿನ ಮೇಲಿಟ್ಟೆ. ಎದುರಿನ ಝೆರಾಕ್ಸ್ ಅಂಗಡಿಗೆ ಒಯ್ದರೆ ಒಂದು ತಾಸಿನ ಕೆಲಸ. ಸಾಹೇಬರು ಸುತಳಿಯ ಮೇಲೆ ಕೈಯಿಟ್ಟರು.

“ಡಿಜಿಟಲ್ ಆದ ಪ್ರತಿ ಹೊರಗ ಹೋಗೂದಿಲ್ರಿ. ಲೇಖಕರ ಅನುಮತಿ ಪತ್ರ ಬೇಕು.”

“ಲೇಖಕಿ ನಾನೇ ಅದೀನಿ.”

“ಹಂಗಂತ ಬರದು ಕೊಡ್ರಿ. ಮುಂದಿನ ತಿಂಗಳು ಸಮಿತಿ ಮುಂದ ಇಡೂಣು.”

ಆಕೆ ಧ್ವನಿ ಏರಿಸಲಿಲ್ಲ. ಸಾಹೇಬರು ಕಟ್ಟನ್ನು ಹೊರಗೊಯ್ಯುವ ಗೇಟ್ ಪಾಸಿಗೆ ಸಹಿ ಹಾಕಿದ್ದು ಈ ಮಾತಿಗೆ:

“ಹಂಗಾದ್ರ ನಾಳೆ ಹನ್ನೊಂದಕ್ಕ ಸಂದರ್ಶನಕ್ಕ ನೀವೂ ಬರ್ರಿ, ಸರ್. ಹತ್ತು ಪುಟ ತೋರಿಸಿ ಪೂರ್ತಿ ಅದ ಅನ್ನೂದು ನನಗ ಬರೂದಿಲ್ಲ. ನಿಮಗ ಭಾಳ ವರ್ಷದ ರೂಢಿ ಅದ.”