ಸೊಸೆಯ ಹಾಡು ಸಿಂಗಾಪುರಕ್ಕೆ ಹೊರಟದ್ದು

ಮೊಮ್ಮಗಳು ಫೋನಲ್ಲಿ ಕನ್ನಡ ಟೈಪ್ ಮಾಡ್ಲಿಕ್ಕೆ ಕಲಿಸಿ ಸ್ವಲ್ಪ ದಿನ ಆಯ್ತಷ್ಟೆ. ಒಂದೇ ಬೆರಳಲ್ಲಿ ಒತ್ತುದು ನಾನು, ಸುತ್ತು ಬಳಸಿ ಹೇಳ್ಲಿಕ್ಕೆ ಆಗುದಿಲ್ಲ. ಇದು ನನ್ನ ಸೊಸೆಯ ಹಾಡಿನ ವಿಷಯ.

ಸಿಂಗಾಪುರದಲ್ಲಿ ಹಾಡಿನ ಸ್ಪರ್ಧೆ ಅಂತೆ, ಬೇರೆ ಬೇರೆ ದೇಶದಲ್ಲಿರುವ ಕನ್ನಡದವರಿಗೆ. ಒಂದು ದೇಶದಿಂದ ಒಂದೇ ಹಾಡು, ಅದೂ ಹೊಸತೇ ಆಗ್ಬೇಕು. ನಮ್ಮ ಎಮಿರೇಟ್ಸಿನ ಹಾಡು ಯಾವುದು ಅಂತ ಆರಿಸ್ಲಿಕ್ಕೆ ಎಲ್ಲರೂ ರೆಕಾರ್ಡ್ ಮಾಡಿ ಕಳಿಸ್ಬೇಕಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಬಿಡದ ಊರಲ್ಲಿ ಸೀರೆ ಎಲ್ಲಿ ಹಾರ್ಬೇಕು ಅಂತ ಸೊಸೆ ಬರೆದಳು, ರಾಗವೂ ಅವಳದ್ದೇ. ಅಲ್ ಬರ್ಷಾದ ಈ ಫ್ಲಾಟಿನ ಕಪಾಟಿನೊಳಗೆ ಕೂತು, ಹೊರಗಿನ ಸದ್ದು ಬಾರದ ಹಾಗೆ ಬಾಗಿಲಿಗೆ ಕಂಬಳಿ ಇಳಿಬಿಟ್ಟು ರೆಕಾರ್ಡ್ ಮಾಡಿದ್ದು. ಬೆವರಿ ನೀರಾಗಿ ಹೊರಗೆ ಬಂದವಳಿಗೆ, "ಹಾಡು ಬೆಂದಿತಾ?" ಅಂತ ಕೇಳಿದೆ ನಾನು. ಜನರ ಎದುರು ನಿಂತು ತನ್ನದೇ ಹಾಡು ಒಮ್ಮೆ ಹಾಡ್ಬೇಕು, ಅಷ್ಟೇ ಅವಳ ಆಸೆ. ಮದುವೆಯಾದ ಮೇಲೆ ಸ್ಟೇಜ್ ಹತ್ತಿದವಳೇ ಅಲ್ಲ.

ಅಬುಧಾಬಿಯ ಹಾಲಲ್ಲಿ ರಿಸಲ್ಟ್ ಹೇಳಿದ್ರು. ಅವಳದ್ದೇ! ಸ್ಪೀಕರಲ್ಲಿ ತನ್ನ ಸ್ವರ ಬರುವಾಗ ಸೊಸೆ ನನ್ನ ಕೈ ಹಿಡಿದದ್ದು ಹೇಗೆ ಅಂದ್ರೆ ಬಳೆ ಒಡೀಲಿಲ್ಲ, ಅಷ್ಟೇ.

ಮತ್ತೆ ಹೆಸರು ಬರೆಸ್ಲಿಕ್ಕೆ ಸ್ಪರ್ಧೆ ನಡೆಸುವ ಕನ್ನಡ ಸಂಘದವರ ಮೇಜಿನ ಹತ್ರ ಹೋದೆವು.

"ಅಕ್ಕ, ಎಮಿರೇಟ್ಸ್ ಐಡಿ, ವೀಸಾ ಕಾಪಿ ಕೊಡಿ" ಅಂದ್ರು ಸಂಘದವರು.

ನನ್ನ ಮಗ ಮೆಲ್ಲಗೆ ಹೇಳಿದ, "ಸರ್, ನನ್ನ ಕೆಲಸ ಹೋಯ್ತು. ವೀಸಾ ಕ್ಯಾನ್ಸಲ್ ಆಗ್ತದೆ. ಇವಳದ್ದೂ ನನ್ನ ವೀಸಾದಲ್ಲೇ ಇರುದು."

"ಅಯ್ಯೋ, ಸ್ಪರ್ಧೆಯ ದಿನ ಹಾಡುವವರಿಗೆ ಇಲ್ಲಿಯ ವೀಸಾ ಇರ್ಲೇಬೇಕು ಮಾರ್ರೆ. ತೊಂದರೆ ಇಲ್ಲ, ಹಾಡು ಹೋಗ್ಲಿ, ಹಾಡ್ಲಿಕ್ಕೆ ಬೇರೆಯವರನ್ನು ಮಾಡುವ."

ಕೆಲಸ ಹೋದದ್ದು ನಮಗೆ ಮೊದಲೇ ಗೊತ್ತಿತ್ತು. ಹಾಡ್ಲಿಕ್ಕೂ ವೀಸಾ ಬೇಕು ಅಂತ ಯಾರಿಗೆ ಗೊತ್ತು? ನಾನು ವಿಸಿಟ್ ವೀಸಾದವಳು. "ಈಗ ಮನೆಯವರೆಲ್ಲ ನನ್ನ ಹಾಗೆ ವಿಸಿಟಿಗೆ ಬಂದವರೇ" ಅಂತ ಕಾರಲ್ಲಿ ತಮಾಷೆ ಮಾಡಿದೆ.

"ಹಾಡು ಕೊಡುದಿಲ್ಲ ಅಂತ ಹೇಳು ಮಾರಾಯ್ತಿ" ಅಂದೆ.

"ಹಾಗೆ ಹೇಳಿದ್ರೆ ಹಾಡೂ ಹೋಗುದಿಲ್ಲ ಅತ್ತೆ."

ಸೊಸೆಯ ಬದಲಿಗೆ ಹಾಡುವವಳು ಹಾಡು ಕಲೀಲಿಕ್ಕೆ ಮನೆಗೆ ಬಂದಳು. ಬೆಂಗಳೂರಿನ ಹುಡುಗಿ, ಅಬುಧಾಬಿಯ ರೀಮ್ ಐಲ್ಯಾಂಡಲ್ಲಿ ಆಫೀಸು. ಒಳ್ಳೆಯವಳು, ಅದೇ ನನಗೆ ಕಿರಿಕಿರಿ. ಪುನರ್ಪುಳಿ ಶರಬತ್ತಿಗೆ ಗ್ಲಾಸು ತುಂಬ ಐಸ್ ಹಾಕಿ ಕೊಟ್ಟೆ. "ಕುಡಿ ಮಗಾ, ಸೆಕೆ ಅಲ್ವಾ!" ಹುಳಿಯೂ ಉಂಟು, ತಂಪೂ ಉಂಟು, ಗಂಟಲು ಹಿಡೀಲಿ ಅಂತಲೇ ಕೊಟ್ಟದ್ದು.

ಹುಡುಗಿ ಬಾಯಿಗೆ ಇಡುವಷ್ಟರಲ್ಲಿ ಸೊಸೆ ಗ್ಲಾಸು ತಗೊಂಡು, ಕಾಳುಮೆಣಸು ಹಾಕಿ ಕುದಿಸಿದ ನೀರು ಕೊಟ್ಟಳು. ನನ್ನನ್ನು ಒಳಗೆ ಕರೆದಳು.

"ಎಂತ ಅತ್ತೆ ಇದು? ಅವಳ ಗಂಟಲು ಹೋದ್ರೆ ನನ್ನ ಹಾಡೂ ಹೋಯ್ತಲ್ಲ."

"ಹೋಗ್ಲಿ. ನಿನಗಿಲ್ಲದ್ದು ಅವಳಿಗೆ ಯಾಕೆ?"

"ನನಗೆ ಇರುದು ಅದೊಂದೇ."

ನಾನು ಆ ಶರಬತ್ತನ್ನು ಸಿಂಕಿಗೆ ಸುರಿದೆ.

ಹೊರಗೆ ಹುಡುಗಿ ಕೇಳಿದಳು, "ಅಕ್ಕ, ಈ ಲೈನಲ್ಲಿ ಉಸಿರು ಎಲ್ಲಿ ತಗೋಬೇಕು?" ಸೊಸೆ ಹಾಡಿ ತೋರಿಸಿದಳು. ಹುಡುಗಿ ಮತ್ತೆ ಹಾಡಿದಳು. ಸುಳ್ಳು ಯಾಕೆ ಹೇಳುದು, ಸೊಸೆಗಿಂತ ಚಂದ ಹಾಡಿದಳು. ಸೊಸೆಗೂ ಗೊತ್ತಾಯ್ತು. "ಹೀಗೇ ಹಾಡು" ಅಂದಳು.

ಹುಡುಗಿ ಹೋದ ಮೇಲೆ, "ನನಗೊಬ್ಬಳಿಗೆ ಒಮ್ಮೆ ಹಾಡು" ಅಂದೆ.

"ಬೇಡ ಅತ್ತೆ. ಇನ್ನು ನಾನು ಹಾಡಿದ್ರೆ ನನಗೆ ಅವಳ ಸ್ವರವೇ ಕೇಳುದು."

ಅಷ್ಟರಲ್ಲಿ ನಮ್ಮ ಸಾಮಾನು ಊರಿಗೆ ಕಳಿಸುವ ಕಾರ್ಗೋದವ ಬೆಲ್ ಮಾಡಿದ. ಸೊಸೆ ಬಾಗಿಲು ತೆಗೆದು, ಯಾವುದು ಊರಿಗೆ ಹೋಗ್ಲಿಕ್ಕೆ, ಯಾವುದು ಇಲ್ಲೇ ಬಿಡ್ಲಿಕ್ಕೆ ಅಂತ ಒಂದೊಂದೇ ತೋರಿಸಿದಳು.