ಜಪಾನಿನ ರಾಣಿಯ ಒಳಹೊಲಿಗೆ

ನಮ್ಮ ಸೋದರತ್ತೆಯ ಎಡಗೈ ತೋರುಬೆರಳಿನ ತುದಿ ಜರಡಿಯ ಹಾಗೆ ತೂತು ತೂತಾಗಿತ್ತು. ನಾರಾಯಣಪೇಟೆಯ ಅರ್ಧ ಊರಿನ ಸೀರೆಗಳಿಗೆ ಫಾಲು ಹೊಲಿದು, ಸೆರಗಿಗೆ ಕುಚ್ಚು ಕಟ್ಟಿದ ಕೈ ಅದು. ಬಲಗೈ ಮೇಲಿನಿಂದ ಸೂಜಿ ಚುಚ್ಚಿದರೆ ಬಟ್ಟೆಯ ಕೆಳಗೆ ಕಾದಿರುವ ಎಡಗೈ ಬೆರಳು ಅದರ ಮೊನೆಯನ್ನು ತಡೆಯಬೇಕು. ತಡೆದು ತಡೆದು ಆ ತುದಿಗೆ ನೋವೇ ಗೊತ್ತಾಗದಂತಾಗಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ಅದೇ ಬೆರಳಿನಿಂದ ಮಗುಚಿ ಹಾಕುತ್ತಿದ್ದಳು.

ಮಗುಚುವುದು, ತಿರುವುವುದು ಅವಳ ಹುಟ್ಟುಗುಣ. ನೇಕಾರರ ಮನೆಯಲ್ಲಿ ಬೆಳೆದವರು ಸೀರೆಯ ಮುಂಬದಿ ನೋಡಿ ಮರುಳಾಗುವುದಿಲ್ಲ. ಕೈಗೆ ಬಂದ ಕೂಡಲೇ ಹಿಂಬದಿ ತಿರುವಿ, ಅಂಚು ಒಡಲಿಗೆ ಸೇರಿದ ಜಾಗವನ್ನು ಬೆರಳಾಡಿಸಿ ನೋಡುತ್ತಾರೆ. ಕೈಮಗ್ಗದ್ದೋ ಯಂತ್ರದ್ದೋ ಅಲ್ಲಿ ಗೊತ್ತಾಗುತ್ತದೆ. ಅತ್ತೆ ಈ ಪದ್ಧತಿಯನ್ನು ಸೀರೆಗಷ್ಟೇ ನಿಲ್ಲಿಸಲಿಲ್ಲ. ಬದನೆಕಾಯಿ, ಹಾಲಿನ ಪ್ಯಾಕೆಟ್ಟು, ಲಗ್ನಪತ್ರಿಕೆ, ಗುಡಿಯಿಂದ ಬಂದ ಪ್ರಸಾದದ ಎಲೆ, ಎಲ್ಲವೂ ಅವಳ ಕೈಯಲ್ಲಿ ಒಂದು ಸಲ ಬೋರಲು ಬೀಳಲೇಬೇಕು. "ಮುಂದಿನ ಮಗ್ಗಲಾ ಮಂದಿಗೆ, ಹಿಂದಿನ ಮಗ್ಗಲಾ ನಮಗ" ಎಂಬುದು ಅವಳ ಮಾತು.

ನಾನು ಮಕ್ತಲದವಳು. ಡಿಗ್ರಿ ಓದುವಷ್ಟು ಕಾಲ ನಾರಾಯಣಪೇಟೆಯಲ್ಲಿ ಅವಳ ಮನೆಯಲ್ಲೇ ಇದ್ದೆ. ಅವಳ ಮಗಳನ್ನು ರಾಯಚೂರಿಗೆ ಕೊಟ್ಟಾಗಿತ್ತು. ಹೀಗಾಗಿ ಮನೆಯಲ್ಲಿ ತಿರುವಿ ನೋಡಲು ಉಳಿದವರು ನಾನು ಮತ್ತು ಮಾವ ಇಬ್ಬರೇ. ಬಸ್ಸು ತಡವಾಯಿತು ಎಂದು ನಾನು ಹೇಳಿದರೆ ಮರುದಿನ ನಿಲ್ದಾಣಕ್ಕೆ ಹೋಗಿ ಕಂಡಕ್ಟರನನ್ನೇ ವಿಚಾರಿಸಿ ಖಾತ್ರಿ ಮಾಡಿಕೊಂಡು ಬರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆದರೆ ನನ್ನ ಗೆಳತಿಯೊಬ್ಬಳು ಹೊಸ ಮೊಬೈಲು ಎಂದು ತೋರಿಸಿದ್ದನ್ನು ತಿರುವಿ ನೋಡಿ, ಇದು ಒಡೆದು ಅಂಟಿಸಿದ್ದು ಎಂದು ಹೇಳಿದವಳೂ ಅವಳೇ. ಅನುಮಾನದ ಮನುಷ್ಯರ ದೊಡ್ಡ ತೊಂದರೆ ಎಂದರೆ ಅವರ ಅನುಮಾನ ಆಗಾಗ ನಿಜವಾಗುವುದು.

ಮಾವ ವಾರಕ್ಕೊಮ್ಮೆ ಕೃಷ್ಣೆಯಾಚೆಯ ಗದ್ವಾಲಕ್ಕೆ ಹೋಗಿ ನೇಕಾರರಿಂದ ಸೀರೆ ತಂದು ನಾರಾಯಣಪೇಟೆಯ ಅಂಗಡಿಗಳಿಗೆ ಹಾಕುತ್ತಿದ್ದರು. ಹರೆಯದಲ್ಲಿ ಮಗ್ಗಕ್ಕೆ ಕೂತವರೇ, ಆದರೆ ಅವರಿಗೆ ಕೈ ಕೂಡಿ ಬರಲಿಲ್ಲವಂತೆ. ಅವರಪ್ಪನೇ ಮಗ್ಗದಿಂದ ಎಬ್ಬಿಸಿ ಗಂಟು ಹೊರುವುದಕ್ಕೆ ಹಾಕಿದನಂತೆ. ಮನೆಯಲ್ಲಿ ಅವರ ದನಿಗಿಂತ ಅವರ ಚಪ್ಪಲಿಯ ಸದ್ದೇ ಹೆಚ್ಚು. ಅನ್ನಕ್ಕೆ ಸಾರು ಕಲಸುವಾಗ ಬಟ್ಟಲಿನಿಂದ ನಾಲ್ಕು ಹನಿ ಹೊರಗೆ ಬೀಳದ ದಿನವಿರಲಿಲ್ಲ. ಅತ್ತೆ ಬೈಯುತ್ತಾ ಒರೆಸುತ್ತಿದ್ದಳು.

ಅಂಥ ಮನುಷ್ಯ ಒಂದು ದಿನ ಸೀರೆಯ ಗಂಟಿನಲ್ಲಿ ಒಂದು ಡಬ್ಬಿ ತಂದರು. ಮುಂದೆ ಪಾರದರ್ಶಕ ಹಾಳೆ, ಒಳಗೆ ಮೊಳದಷ್ಟು ಎತ್ತರದ ಹೆಣ್ಣುಗೊಂಬೆ. ಮುಷ್ಟಿಯಲ್ಲಿ ಹಿಡಿಯುವಂಥ ಸೊಂಟ, ಬಿಳಿ ಮುಖ, ಒಂದರ ಮೇಲೊಂದು ರೇಷ್ಮೆ ನಿಲುವಂಗಿ. ಜಪಾನಿನ ರಾಣಿ ಎಂದರು. ಸೀರೆಯ ಗಿರಾಕಿ, ಹೈದರಾಬಾದಿನ ಹೆಂಗಸೊಬ್ಬಳ ಮನೆಯಲ್ಲಿ ಇಂಥವು ಗೋಡೆ ತುಂಬ ಇವೆಯಂತೆ, ದೇಶಕ್ಕೊಬ್ಬ ರಾಣಿ. ಇವನ್ನು ಕೂಡಿಡುವವರು ಡಬ್ಬಿ ಒಡೆಯುವುದೇ ಇಲ್ಲವಂತೆ, ಒಡೆದರೆ ಬೆಲೆ ಹೋಗುತ್ತದಂತೆ. ಇದನ್ನು ಅವಳೇ ಕೊಟ್ಟಳಂತೆ. ಮಾವ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತೆಯ ಹುಬ್ಬು ಆಗಲೇ ಮೇಲೇರಿತ್ತು.

ಆಮೇಲೆ ಇರಾನಿನ ರಾಣಿ ಬಂದಳು, ಮುತ್ತಿನ ಕಿರೀಟ ಇಟ್ಟುಕೊಂಡು. ಇಥಿಯೋಪಿಯಾದವಳು ಬಂದಳು, ಬಿಳಿ ಅರಿವೆಗೆ ಬಣ್ಣದ ಪಟ್ಟಿ. ರಷ್ಯಾದವಳು ತುಪ್ಪಳದ ಕಾಲರು ಹಾಕಿಕೊಂಡು ನಮ್ಮ ಬಿಸಿಲಿಗೆ ಬಂದಳು. ಟೀವಿಯ ಮೇಲಿನ ಹಲಗೆಯಲ್ಲಿ ನಾಲ್ವರೂ ಸಾಲಾಗಿ ನಿಂತರು. ಓಣಿಯ ಹೆಂಗಸರು ನೋಡಿ ಹೋದರು, ಹೋಗುವಾಗ ಒಂದೊಂದು ಮಾತು ಒಗೆದು ಹೋದರು. ಅದೇ ಹೊತ್ತಿಗೆ, ಗದ್ವಾಲಕ್ಕೆ ಹೋದ ಮಾವ ಅದೇ ದಿನ ತಿರುಗಿ ಬರುವುದನ್ನು ಬಿಟ್ಟು ಮರುದಿನ ಬರತೊಡಗಿದ್ದರು.

ಅತ್ತೆ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. "ಮೈದಾ ಅಂಟಿನ ವಾಸನಿ ಐತಿ. ಜಪಾನಿನಾಗ ಮೈದಾ ಕುದಿಸಿ ಡಬ್ಬಿ ಅಂಟಸ್ತಾರೇನ?" ಎಂದು ನನ್ನನ್ನು ಕೇಳಿದಳು. ಬಿಚ್ಚಿ ನೋಡಬೇಡ ಎಂದು ಹೇಳುವ ಮಾಲಿನಲ್ಲಿ ಏನೋ ಇದ್ದೇ ಇರುತ್ತದೆ ಎಂಬುದು ಅವಳ ವಾದ. ನನಗೂ ಅದು ಸರಿಯೆನಿಸಿತು.

ಮಾವ ಊರಲ್ಲಿಲ್ಲದ ಒಂದು ಮಧ್ಯಾಹ್ನ ಜಪಾನಿನ ರಾಣಿಯನ್ನು ಹೊರಗೆ ತೆಗೆದಳು. ನಿಲುವಂಗಿಯ ಅಂಚನ್ನು ಮಗುಚಿ ಬೆಳಕಿಗೆ ಹಿಡಿದಳು, ಬಹಳ ಹೊತ್ತು ಹಿಡಿದೇ ಇದ್ದಳು. ಬಲಗೈಯಲ್ಲಿ ಅಂಚು ಹೊಲಿದರೆ ಹೊಲಿಗೆಗಳೆಲ್ಲ ಒಂದು ಕಡೆಗೆ ಓರೆಯಾಗಿ ಬೀಳುತ್ತವೆ, ಎಡಗೈಯಲ್ಲಿ ಹೊಲಿದರೆ ಅದಕ್ಕೆ ವಿರುದ್ಧವಾಗಿ. ಓಣಿಯ ಯಾವ ಹೆಂಗಸು ಯಾವ ಫಾಲು ಹೊಲಿದಿದ್ದಾಳೆಂದು ಓರೆ ನೋಡಿಯೇ ಹೇಳುವವಳು ಅತ್ತೆ. ಜಪಾನಿನವಳ ಅಂಚಿನಲ್ಲಿ ಓರೆ ಉಲ್ಟಾ ಇತ್ತು. ಇರಾನಿನವಳನ್ನು ತೆಗೆದಳು, ಅಲ್ಲೂ ಉಲ್ಟಾ. ಉಳಿದಿಬ್ಬರದೂ ಹಾಗೆಯೇ. ನಿಲುವಂಗಿಗಳ ಒಳಗೆ ಅಸ್ತರಿಗೆ ಹಾಕಿದ್ದು ಗದ್ವಾಲ ಸೀರೆಯ ತುಂಡು.

"ನಾಕೂ ರಾಣ್ಯಾರಿಗೆ ಒಬ್ಬಾಕಿನ ಹೊಲದಾಳ," ಎಂದಳು. "ಎಡಗೈಯಾಕಿ. ಗದ್ವಾಲದಾಕಿ."

ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಬದನೆಕಾಯಿಯ ಹುಳುಕು ಹಿಡಿದಾಗಿನ ಗೆಲುವು ಅಲ್ಲಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಇನ್ನೊಂದು ಮನೆ ಇದೆ ಎಂದು ಅವಳು ಆ ಅಂಚಿನಲ್ಲಿ ಓದಿಬಿಟ್ಟಿದ್ದಳು. ರಾಣಿಯರನ್ನು ಮೊದಲಿನಂತೆಯೇ ಡಬ್ಬಿಗೆ ಸೇರಿಸಿದಳು. ಮಾವನನ್ನೇ ಕೇಳಿಬಿಡು ಎಂದು ನಾನು ಹೇಳಿದೆ. "ಕೇಳಿದ್ರ ಸುಳ್ಳು ಹೇಳ್ತಾರ. ಅವರ ಬಾಯಿಲೆ ಸುಳ್ಳು ಕೇಳಾಕ ನನ್ನ ಕಡಿಂದ ಆಗೂದಿಲ್ಲ," ಎಂದಳು.

ಆದರೂ ಸುಮ್ಮನಿರಲಾಗಲಿಲ್ಲ. ಊಟಕ್ಕೆ ಕೂತಾಗ ಗದ್ವಾಲದಲ್ಲಿ ಎಡಗೈ ಹೆಂಗಸರು ಬಹಳ ಇದ್ದಾರಾ ಎಂದು ಇದ್ದಕ್ಕಿದ್ದಂತೆ ಕೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನ ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು, ಮಜ್ಜಿಗೆ ಅನ್ನ ಉಣ್ಣದೆ ಎದ್ದು ಹೋದರು. ಅತ್ತೆ ನನ್ನ ಕಡೆ ನೋಡಿದಳು. ಇನ್ನೇನು ಸಾಕ್ಷಿ ಬೇಕು ಎನ್ನುವ ನೋಟ.

ಮುಂದಿನ ವಾರ ಮಾವ ಹೋದ ಬಸ್ಸಿನ ಹಿಂದಿನ ಬಸ್ಸಿಗೆ ನಾವಿಬ್ಬರೂ ಹತ್ತಿದೆವು. ಮಕ್ತಲದಲ್ಲಿ ಬಸ್ಸು ಬದಲಿಸುವಾಗ ನನ್ನ ಮನೆಯವರ ಕಣ್ಣಿಗೆ ಬೀಳದಂತೆ ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು, ನನಗೂ ಓಡಣಿ ಹೊದಿಸಿದಳು. ದಾರಿಯುದ್ದಕ್ಕೂ ಹತ್ತಿಳಿಯುವ ಹೆಂಗಸರು ಕಂಬಿಯನ್ನು ಯಾವ ಕೈಯಲ್ಲಿ ಹಿಡಿಯುತ್ತಾರೆಂದು ನೋಡುತ್ತಿದ್ದಳು. ಜುರಾಲಾ ಅಣೆಕಟ್ಟೆಯ ಮೇಲೆ ಬಸ್ಸು ಹೋಗುವಾಗ ಕೃಷ್ಣೆ ಒಂದು ಕಡೆ ತುಂಬಿ ನಿಂತಿದ್ದಳು. ಎಲ್ಲರೂ ಕೈ ಮುಗಿದರು, ಅತ್ತೆ ಮುಗಿಯಲಿಲ್ಲ. ಎಡಗೈಯಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬಳನ್ನು ಗದ್ವಾಲ ಬರುವ ತನಕ ಬಿಡದೆ ನೋಡಿದಳು.

ಮಾವ ಸೀರೆ ತರುತ್ತಿದ್ದ ನೇಕಾರರ ಮನೆ ಕೋಟೆಯ ಹತ್ತಿರದ ಗಲ್ಲಿಯಲ್ಲಿತ್ತು. ಬಾಗಿಲು ತೆರೆದವಳು ಆ ಮನೆಯ ಸೊಸೆ. ನಗುಮುಖ, ಮುಡಿಯಲ್ಲಿ ಮಲ್ಲಿಗೆ, ತೆಲುಗು ಮಾತು. ಅತ್ತೆಯ ಗುಮಾನಿ ಅವಳ ಮೇಲೆ ಗೂಟ ಹೊಡೆದು ಕೂತದ್ದು ನನಗೆ ಕಾಣಿಸಿತು. ಅವಳು ನೀರು ಕೊಟ್ಟಳು, ಬಲಗೈಯಲ್ಲಿ. ಅದನ್ನು ಅತ್ತೆ ನಂಬಲಿಲ್ಲ, ನೀರನ್ನು ಯಾರಾದರೂ ಬಲಗೈಯಲ್ಲೇ ಕೊಡುತ್ತಾರೆ. ಸದ್ದಾಗದಂತೆ ತನ್ನ ಸೀರೆಯ ಅಂಚನ್ನು ಉಗುರಿನಿಂದ ಕಿತ್ತು, ಬಸ್ಸಿನಲ್ಲಿ ಹರಿಯಿತಮ್ಮ, ನನಗೆ ಕಣ್ಣು ಮಂಜು, ಎರಡು ಹೊಲಿಗೆ ಹಾಕಿಕೊಡು ಎಂದು ತೆಲುಗಿನಲ್ಲಿ ಕೇಳಿದಳು. ಆ ಹೆಂಗಸು ಪಾಪ, ನೆಲದ ಮೇಲೆ ಕೂತು ಹೊಲಿದುಕೊಟ್ಟಳು. ಬಲಗೈಯಲ್ಲಿ. ಓರೆ ಅತ್ತೆಯ ಓರೆಯಂತೆಯೇ ಬಿತ್ತು.

ಅತ್ತೆಗೆ ಸಮಾಧಾನವಾಗಬೇಕಿತ್ತು. ಅವಳು ಇನ್ನಷ್ಟು ಗಾಬರಿಯಾದಳು. ಮನೆಯಲ್ಲಿ ಬೇರೆ ಹೆಂಗಸರು ಯಾರಿದ್ದಾರೆ ಎಂದಳು. ಕಣ್ಣು ಕಾಣದ ತನ್ನ ಮುದುಕಿ ಅತ್ತೆಯೊಬ್ಬಳೇ ಎಂದು ಉತ್ತರ ಬಂತು. ಹಾಗಾದರೆ ನಮ್ಮ ಯಜಮಾನರಿಗೆ ರಾಣಿಯರ ಅಂಗಿ ಹೊಲಿದುಕೊಡುವವರು ಯಾರು ಎಂದು ಕೇಳಿಯೇಬಿಟ್ಟಳು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಹಿಂದಿನ ಕೋಣೆಯ ಕಡೆ ಕೈ ತೋರಿಸಿದಳು. "ಆಯನೇ," ಎಂದಳು. ಅವರೇ ಅಂತ.

ಹಿಂದಿನ ಕೋಣೆಯಲ್ಲಿ ಯಾರೂ ಕೂಡದ ಒಂದು ಹಳೆಯ ಮಗ್ಗ. ಅದರ ಪಕ್ಕ ಕಿಟಕಿಯ ಬೆಳಕಿಗೆ ಮಾವ ಕೂತಿದ್ದರು. ತೊಡೆಯ ಮೇಲೆ ಅರ್ಧ ಉಡುಪಿನ ಗೊಂಬೆ, ಎಡಗೈಯಲ್ಲಿ ಸೂಜಿ. ಸಾರು ಚೆಲ್ಲದೆ ಉಣ್ಣಲು ಬಾರದ ಆ ಮನುಷ್ಯ ಹೊಲಿಯುತ್ತಿದ್ದ ಸಲೀಸು ನೋಡಿ ನಾನು ಬಾಗಿಲಲ್ಲೇ ನಿಂತೆ. ಅವರ ಮುಖದಲ್ಲಿ ಎಂಥದೋ ಸುಖವಿತ್ತು. ಅತ್ತೆಯನ್ನು ಕಂಡದ್ದೇ ಸೂಜಿಯನ್ನು ಬಲಗೈಗೆ ದಾಟಿಸಲು ಹೋದರು, ಅದು ಬಿದ್ದುಹೋಯಿತು.

ಅತ್ತೆ ಎದುರಿಗೆ ಕೂತು ಅವರ ಬಲಗೈ ಎಳೆದುಕೊಂಡು ಮಗುಚಿದಳು. ತೋರುಬೆರಳಿನ ತುದಿಯಲ್ಲಿ ಸೂಜಿಯ ತೂತುಗಳು. ದಿನಾ ಅವಳು ಬಡಿಸಿದ್ದನ್ನು ಉಂಡ ಕೈ. ಅದೊಂದನ್ನು ಅವಳು ಯಾವತ್ತೂ ತಿರುವಿ ನೋಡಿರಲಿಲ್ಲ.

ಮಾವ ತಲೆ ತಗ್ಗಿಸಿ ಹೇಳಿದ್ದು ಇಷ್ಟು. ಅವರು ಹುಟ್ಟು ಎಡಚರು. ಎಡಗೈಯಲ್ಲಿ ಲಾಳಿ ಹಿಡಿದಾಗಲೆಲ್ಲ ಅವರಪ್ಪ ಅದೇ ಲಾಳಿಯಿಂದ ಬಾರಿಸಿ, ಎಡಗೈಯನ್ನು ನೂಲಿನಿಂದ ಮಗ್ಗದ ಕಂಬಕ್ಕೆ ಕಟ್ಟುತ್ತಿದ್ದ. ಎಡಗೈಯಲ್ಲಿ ನೇಯ್ದ ಸೀರೆಯನ್ನು ಮದುವೆಗೆ ಯಾರೂ ಕೊಳ್ಳುವುದಿಲ್ಲ ಎನ್ನುತ್ತಿದ್ದ. ಬಲಗೈ ಕಲಿಯಲಿಲ್ಲ, ಎಡಗೈ ಅಡಗಿಕೊಂಡಿತು. ಹೈದರಾಬಾದಿನ ಆ ಗಿರಾಕಿಯ ಮನೆಯಲ್ಲಿ ರಾಣಿಯರನ್ನು ನೋಡಿದ್ದು ನಿಜ, ಅವಳು ಕೊಟ್ಟದ್ದು ಸುಳ್ಳು. ಗುಜರಿ ಬಜಾರಿನಲ್ಲಿ ಬಟ್ಟೆ ಕಳಕೊಂಡ ಹಳೆಯ ಗೊಂಬೆಗಳನ್ನು ತಂದು, ಮೊಬೈಲಿನಲ್ಲಿ ಚಿತ್ರ ನೋಡಿ ತಾವೇ ಹೊಲಿದರು. ಡಬ್ಬಿಯನ್ನು ಮೈದಾದಿಂದ ಅಂಟಿಸಿದವರೂ ಅವರೇ.

"ಮನ್ಯಾಗ ಕುಂತು ಹೊಲೀಬಹುದಿತ್ತಲ್ರಿ," ಎಂದಳು ಅತ್ತೆ. "ನಾ ಏನ್ ಬ್ಯಾಡ ಅಂತಿದ್ದೆನ?"

ಮಾವ ಬಿದ್ದ ಸೂಜಿಯನ್ನು ಹುಡುಕಿ ತೆಗೆದರು. "ನೀ ಎಲ್ಲಾ ತಿರುವಿ ನೋಡ್ತಿ," ಎಂದರು. "ಇದೊಂದು ಯಾರೂ ತಿರುವಿ ನೋಡಬಾರ್ದು ಅನಸ್ತು."

ನಾವಿಬ್ಬರೇ ತಿರುಗಿ ಬರುವಾಗ ಅತ್ತೆ ಬಸ್ಸಿನಲ್ಲಿ ಯಾವ ಹೆಂಗಸಿನ ಕೈಯನ್ನೂ ನೋಡಲಿಲ್ಲ. ಮಕ್ತಲ ಹತ್ತಿರ ಬಂದಾಗ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು, "ಇನ್ನೊಬ್ಬಾಕಿ ಇದ್ದಿದ್ರ ಜಡಿ ಹಿಡಿದು ಜಗಳಾಡತಿದ್ದೆ. ಅವರು ಅಡಗಿದ್ದು ನನಗ ಅಂಜಿ ಆದ್ರ, ನಾ ಯಾರ ಜಡಿ ಹಿಡೀಲಿ?" ಆಮೇಲೆ ಅತ್ತಳು. ಬಾಯಿಗೆ ಸೆರಗು ಇಟ್ಟುಕೊಂಡು, ಊರು ಬರುವ ತನಕ ಅತ್ತಳು.

ಸೂಜಿ ದಾರ ಎಲ್ಲ ಮನೆಗೆ ತನ್ನಿ ಎಂದು ಅವಳೇ ಹೇಳಿದಳು, ಮಾವ ತಂದರು. ಆದರೆ ಅವಳೆದುರು ಆ ಎಡಗೈ ಓಡಲಿಲ್ಲ. ದಾರ ಗಂಟು ಬೀಳುತ್ತಿತ್ತು, ಬೆವರುತ್ತಿದ್ದರು. ಅತ್ತೆ ಒಂದೆರಡು ದಿನ ಕಣ್ಣಂಚಿನಲ್ಲೇ ನೋಡಿದಳು. ಮೂರನೆಯ ದಿನ ತನ್ನ ಚಾಪೆಯನ್ನು ತಿರುಗಿಸಿ ಹಾಕಿ, ಅವರಿಗೆ ಬೆನ್ನು ಮಾಡಿ ಬಾಗಿಲ ಕಡೆಗೆ ಕೂತು ಫಾಲು ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಹಿಂದೆ ಬಟ್ಟೆಯೊಳಗೆ ದಾರ ಸರಿಯುವ ಸದ್ದು ಕೇಳಿಸಿತು. ಅಂದಿನಿಂದ ಮಧ್ಯಾಹ್ನವೆಲ್ಲ ಅವರಿಬ್ಬರೂ ಕೂಡುತ್ತಿದ್ದದ್ದು ಹಾಗೆಯೇ. ಸೀರೆ ಕೊಡಲು ಬಂದವರು ಗಂಡ ಹೆಂಡತಿಗೆ ಜಗಳವಾಗಿದೆ ಎಂದುಕೊಂಡು ಹೋಗುತ್ತಿದ್ದರು. ಬರ್ಮಾದ ರಾಣಿ, ಪೆರುವಿನ ರಾಣಿ, ಜೂಲೂ ರಾಣಿ ಹಲಗೆ ಏರಿದರು. ಒಬ್ಬಳ ಅಂಚನ್ನೂ ಅತ್ತೆ ಮುಟ್ಟಲಿಲ್ಲ.

ಉಳಿದ ಲೋಕದ ಮೇಲಿನ ಗುಮಾನಿ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ನನಗೆ ನೋಡಿದ ಗಂಡಿನ ಫೋಟೊ ಬಂದಾಗ ಅದನ್ನು ತಿರುವಿ, ಹಿಂದೆ ಮುದ್ರೆ ಒತ್ತಿದ್ದ ಸ್ಟುಡಿಯೋದವರಿಗೇ ಫೋನು ಮಾಡಿ ಹುಡುಗ ಹೇಗೆ ಎಂದು ವಿಚಾರಿಸಿದಳು. ಆ ಗುಣ ನನಗೂ ಹತ್ತಿದೆ, ಅಂಗಡಿಯವರು ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಆದರೆ ನನ್ನ ಗಂಡ ಒಬ್ಬನೇ ಕೂತು ಏನೋ ಗುನುಗುತ್ತಿದ್ದರೆ ನಾನು ಆ ಕೋಣೆಗೆ ಹೋಗುವುದಿಲ್ಲ. ಅದು ಅತ್ತೆಯಿಂದ ಕಲಿತದ್ದು. ಅನುಮಾನ ಯಾರಾದರೂ ಕಲಿಸುತ್ತಿದ್ದರು, ಇದನ್ನು ಕಲಿಸುವವರು ನನಗೆ ಬೇರೆ ಸಿಗುತ್ತಿರಲಿಲ್ಲ.

ಹೋದ ವರ್ಷ ಅತ್ತೆ ಮೂತ್ರಪಿಂಡ ಕೈಕೊಟ್ಟು ಹಾಸಿಗೆ ಹಿಡಿದಳು. ಮಲಗಿದಾಗಲೂ ಗೋಡೆಯ ಕಡೆ ಮಗ್ಗುಲಾಗಿರುತ್ತಿದ್ದಳು, ಮಾವ ಹಿಂದೆ ಕೂತು ಕೆಲಸ ಮಾಡುತ್ತಿದ್ದರು. ಆಗ ಅವರು ಮಾಡುತ್ತಿದ್ದದ್ದು ಗದ್ವಾಲದ ರಾಣಿಯನ್ನು. ಅವಳಿಗೆ ತುಂಡು ಬಟ್ಟೆ ಸಾಲದೆಂದು ಗದ್ವಾಲದ ಆ ಹಳೆಯ ಮಗ್ಗಕ್ಕೆ ತಾವೇ ಕೂತು, ಎಡಗೈಯಲ್ಲಿ ಲಾಳಿ ಹಾಕಿ, ಅಂಗೈ ಅಗಲದ ಸೀರೆಯೊಂದನ್ನು ನೇಯ್ದು ತಂದಿದ್ದರು. ಅವರು ಪೂರ್ತಿ ನೇಯ್ದ ಸೀರೆ ಅದೊಂದೇ.

ಅವಳು ತೀರಿಕೊಳ್ಳುವ ಹಿಂದಿನ ದಿನ ನಾನು ಅಲ್ಲಿದ್ದೆ. ಮಾವ ರಾಣಿಗೆ ಸೀರೆ ಉಡಿಸಿ ಮುಗಿಸಿ, ಎದ್ದು ಹಾಸಿಗೆಯ ಹತ್ತಿರ ಬಂದರು. ಎಡಗೈಯಲ್ಲೇ ಗೊಂಬೆಯನ್ನು ಮುಂದೆ ಹಿಡಿದು, ಇತ್ತ ತಿರುಗು ಎಂದರು. "ಹಿಂದ ತಿರುವಿ ನೋಡು. ನಾ ಏನೂ ಅನ್ನೂದಿಲ್ಲ."

ಅತ್ತೆ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಅವರ ಎಡಗೈ ಮಣಿಕಟ್ಟನ್ನು ಹಿಡಿದುಕೊಂಡಳು.

"ಬ್ಯಾಡ ಬಿಡ್ರಿ," ಎಂದಳು. "ಛಲೋನ ಇರ್ತೈತಿ."